ತಲೆಯ ಸ್ಕ್ಯಾನ್ ನಾರ್ಮಲ್ ಇದ್ದರೂ ಮುಖದ ಎಲುಬು ಮುರಿದಿರಬಹುದು

ಪ್ರಶ್ನೆ: ನಾವು ಜಮಖಂಡಿ ತಾಲ್ಲೂಕಿನ ಹಳ್ಳಿಯವರು. ನನ್ನ ತಮ್ಮನಿಗೆ 24 ವರ್ಷ. ಹತ್ತು ದಿನದ ಹಿಂದೆ ರಾತ್ರಿ ಬೈಕಿನಲ್ಲಿ ಬರುವಾಗ ರಸ್ತೆ ಬದಿ ನಿಲ್ಲಿಸಿದ್ದ ಕಬ್ಬಿನ ಟ್ರ್ಯಾಲಿಗೆ ಗುದ್ದಿದ. ಎಡಗಡೆ ಮುಖಕ್ಕೆ ಪೆಟ್ಟಾಯಿತು. ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ತಲೆಯ ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು, ಮನೆಗೆ ಕಳಿಸಿದರು. ಈಗ ಬಾವು ಇಳಿದಿದೆ. ಆದರೆ ಎಡಗೆನ್ನೆ ಚಪ್ಪಟೆಯಾಗಿ ಕಾಣುತ್ತಿದೆ. ಮೂಗಿನ ಪಕ್ಕ, ಮೇಲ್ದುಟಿ ಜೋಮು ಹಿಡಿದಂತಿದೆ. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ. ಮೇಲೆ ನೋಡಿದರೆ ಎರಡೆರಡು ಕಾಣುತ್ತದೆ ಅಂತಾನೆ. ಮನೆಯ ಹಿರಿಯರು 'ಎಲುಬು ಮುರಿದಿದ್ರೆ ಊಟಾನೇ ಮಾಡ್ತಿರಲಿಲ್ಲ, ಎಣ್ಣೆ ಹಚ್ಚಿ ತಿಕ್ಕಿಸ್ರಿ' ಅನ್ನುತ್ತಾರೆ. ಮುಖದ ಎಲುಬು ಮುರಿಯುವುದರಲ್ಲಿ ಎಷ್ಟು ಬಗೆ ಇವೆ? ಯಾವುದರಿಂದ ಮುರಿಯುತ್ತವೆ? ಗೊತ್ತಾಗುವುದು ಹೇಗೆ? ನಾವು ತಡ ಮಾಡಿದೆವಾ? ಪೊಲೀಸರಿಗೂ ಹೇಳಿಲ್ಲ, ಅದರಿಂದ ಮುಂದೆ ತೊಂದರೆ ಆಗುತ್ತದಾ?

ಉತ್ತರ: ತಡ ಆಯಿತಾ ಅನ್ನುವುದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಆಗಿಲ್ಲ. ಆದರೆ ಕೈಯಲ್ಲಿ ದಿನ ಜಾಸ್ತಿ ಉಳಿದಿಲ್ಲ. ನೀವು ಬರೆದ ನಾಲ್ಕೂ ಲಕ್ಷಣ ಒಟ್ಟಿಗೆ ಇದ್ದರೆ ಕೆನ್ನೆಯ ಎಲುಬು ಮುರಿದು ಒಳಗೆ ಕುಸಿದಿರುವ ಸಾಧ್ಯತೆ ತುಂಬಾ ಇದೆ. ಅದರ ಜೊತೆ ಕಣ್ಣಿನ ಗೂಡಿನ ತಳವೂ ಒಡೆದಿರಬಹುದು. ಮುಟ್ಟಿ ನೋಡದೆ, ಸ್ಕ್ಯಾನ್ ನೋಡದೆ ಖಚಿತ ಮಾಡಿ ಹೇಳಲು ಬರುವುದಿಲ್ಲ. ಆದರೂ ನಾಳೆಯೇ ಕರೆದುಕೊಂಡು ಹೋಗಿ ಎಂದು ಹೇಳಲು ಇಷ್ಟು ಸಾಕು.

ಮುಖಕ್ಕೆ ರಕ್ತದ ಹರಿವು ಜಾಸ್ತಿ. ಹಾಗಾಗಿ ಮುಖದ ಎಲುಬು ಬೇಗ ಕೂಡುತ್ತದೆ. ತೊಡಕು ಇರುವುದೂ ಅಲ್ಲೇ. ಸರಿದ ಎಲುಬು ಸರಿದ ಜಾಗದಲ್ಲೇ ಬೇಗ ಕೂಡಿಬಿಡುತ್ತದೆ. ಸುಮಾರು ಎರಡು ವಾರದೊಳಗೆ ಹೋದರೆ ಅದನ್ನು ಎತ್ತಿ ಮೊದಲಿನ ಜಾಗಕ್ಕೆ ಕೂರಿಸುವುದು ಸುಲಭ. ಮೂರು ನಾಲ್ಕು ವಾರ ದಾಟಿದರೆ ಕೂಡಿಕೊಂಡ ಎಲುಬನ್ನು ಮತ್ತೆ ಕತ್ತರಿಸಿ ಕೂರಿಸಬೇಕಾಗುತ್ತದೆ. ಮಾಡಲು ಬರುತ್ತದೆ, ಆದರೆ ಆಪರೇಷನ್ ದೊಡ್ಡದು, ಮುಖ ಮೊದಲಿನಷ್ಟು ಚೆನ್ನಾಗಿ ಸರಿಹೋಗುವುದು ಕಷ್ಟ. ಎಣ್ಣೆ ತಿಕ್ಕುವುದನ್ನಂತೂ ಇವತ್ತೇ ನಿಲ್ಲಿಸಿ. ಕುಸಿದ ಎಲುಬು ತಿಕ್ಕಿದರೆ ಮೇಲೆ ಬರುವುದಿಲ್ಲ.

ಇನ್ನು ಹಿರಿಯರ ಮಾತು. ಕೆಳದವಡೆ ಮುರಿದವರಿಗೆ ಅಗಿಯಲು ಆಗುವುದಿಲ್ಲ, ಅದು ನಿಜ. ಆದರೆ ಕೆನ್ನೆಯ ಎಲುಬು ಮುರಿದವರು, ಕಣ್ಣಿನ ಗೂಡು ಒಡೆದವರು ರೊಟ್ಟಿ ಪಲ್ಯ ಉಂಡು ಓಡಾಡಿಕೊಂಡೇ ಇರುತ್ತಾರೆ. ನೋವೂ ಅಂಥ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಊಟ ಮಾಡುತ್ತಾನೆ ಅನ್ನುವುದು ಯಾವುದಕ್ಕೂ ಸಾಕ್ಷಿ ಅಲ್ಲ.

ತಲೆಯ ಸ್ಕ್ಯಾನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಪಘಾತದ ರಾತ್ರಿ ಡಾಕ್ಟರಿಗೆ ಮೊದಲ ಚಿಂತೆ ಮಿದುಳಿನದು, ಇರಬೇಕಾದದ್ದೂ ಅದೇ. ಮಿದುಳಿನಲ್ಲಿ ರಕ್ತ ಸೋರಿದೆಯಾ ಎಂದು ನೋಡಲು ತಲೆಯ ಸಿ.ಟಿ. ಮಾಡುತ್ತಾರೆ. ಆ ಚಿತ್ರಗಳು ಸಾಮಾನ್ಯವಾಗಿ ಕಣ್ಣಿನ ಮಟ್ಟದ ಹತ್ತಿರ ಮುಗಿಯುತ್ತವೆ. ಕೆನ್ನೆಯ ಕೆಳಭಾಗ, ಮೇಲ್ದವಡೆ, ಕೆಳದವಡೆ ಅದರಲ್ಲಿ ಪೂರ್ತಿ ಬರುವುದೇ ಇಲ್ಲ. ಬಂದಷ್ಟು ಭಾಗವೂ ದಪ್ಪ ಪದರದಲ್ಲಿ ಬರುತ್ತದೆ. ಕಣ್ಣಿನ ಗೂಡಿನ ತಳ ಕಾಗದದಷ್ಟು ತೆಳು, ದಪ್ಪ ಪದರದಲ್ಲಿ ಅದರ ಬಿರುಕು ತಪ್ಪಿಹೋಗಬಹುದು. ಆದ್ದರಿಂದ 'ನಾರ್ಮಲ್' ಎಂದು ಬರೆದಿದ್ದರೆ ಅದು ಮಿದುಳಿನ ಮಟ್ಟಿಗೆ ಸರಿ. ಮುಖಕ್ಕೆ ಬೇರೆಯೇ ಸಿ.ಟಿ. ಬೇಕು, ತೆಳುವಾದ ಪದರಗಳದ್ದು. 'ಫೇಸ್ ಸಿ.ಟಿ.' ಎಂದು ಕೇಳಿದರೆ ಗೊತ್ತಾಗುತ್ತದೆ. ಹಳೆಯ ಫಿಲಂ ಬಿಸಾಡಬೇಡಿ, ಜೊತೆಗೆ ಒಯ್ಯಿರಿ.

ಈಗ ಬಗೆಗಳಿಗೆ ಬರೋಣ.

ಮುಖದಲ್ಲಿ ಒಟ್ಟು 14 ಎಲುಬುಗಳಿವೆ. ಅದರಲ್ಲಿ ಅಲ್ಲಾಡುವುದು ಕೆಳದವಡೆ ಒಂದೇ. ಹಣೆಯ ಎಲುಬನ್ನು ತಲೆಬುರುಡೆಯ ಲೆಕ್ಕಕ್ಕೆ ಸೇರಿಸುತ್ತಾರೆ, ಆದರೆ ಪೆಟ್ಟು ಬಿದ್ದಾಗ ಅದನ್ನೂ ಮುಖದ ಜೊತೆಗೇ ನೋಡುತ್ತೇವೆ. ಎಲ್ಲಾ ಎಲುಬಿನ ಗಟ್ಟಿತನ ಒಂದೇ ಅಲ್ಲ. ಮೂಗಿನ ಎಲುಬು ತೀರಾ ಮೆದು. ಹಣೆಯದು ತುಂಬಾ ಗಟ್ಟಿ. ಇದನ್ನು ನೆನಪಿಟ್ಟುಕೊಂಡರೆ ಪೆಟ್ಟಿನ ಜೋರು ಅಂದಾಜಿಗೆ ಸಿಗುತ್ತದೆ. ಮೂಗು ಸುಮ್ನೆ ಮೊಣಕೈ ತಗುಲಿದರೂ ಮುರಿಯುತ್ತದೆ. ಹಣೆಯ ಎಲುಬು ಒಳಗೆ ಹೋಗಿದೆ ಅಂದರೆ ಪೆಟ್ಟು ಭಯಂಕರ ಇತ್ತು, ಒಳಗೆ ಮಿದುಳಿಗೂ ಏಟಾಗಿರಬಹುದು ಎಂದೇ ಹಿಡಿಯಬೇಕು.

ಎಲ್ಲಕ್ಕಿಂತ ಜಾಸ್ತಿ ಮುರಿಯುವುದು ಮೂಗು. ರಕ್ತ ಬರುತ್ತದೆ, ಮೂಗು ಒಂದು ಕಡೆ ವಾಲುತ್ತದೆ ಅಥವಾ ಕೂರುತ್ತದೆ. ಉಸಿರು ಕಟ್ಟಿದಂತಾಗುತ್ತದೆ, ಎರಡೂ ಕಣ್ಣಿನ ಕೆಳಗೆ ಕಪ್ಪು ಕಟ್ಟುತ್ತದೆ. ಇದನ್ನು ಗುರುತಿಸಲು ಎಕ್ಸ್‌ರೇ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ, ಕೈಯಿಂದ ಮುಟ್ಟಿದರೆ ಗೊತ್ತಾಗುತ್ತದೆ. ದೊಡ್ಡವರಿಗೆ ಒಂದರಿಂದ ಎರಡು ವಾರದೊಳಗೆ, ಮಕ್ಕಳಿಗೆ ಇನ್ನೂ ಬೇಗ, ಸರಿ ಮಾಡಿಸಬೇಕು. ಇದರಲ್ಲಿ ಕಾಯದೇ ಹೋಗಬೇಕಾದ ಸಂದರ್ಭ ಒಂದಿದೆ. ಮೂಗಿನ ಎರಡು ಹೊಳ್ಳೆ ಬೇರ್ಪಡಿಸುವ ನಡುಗೋಡೆಯಲ್ಲಿ ರಕ್ತ ತುಂಬಿ ಉಬ್ಬುವುದುಂಟು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕೆಂಪಗೆ ಅಥವಾ ನೀಲಿ ಬಣ್ಣಕ್ಕೆ ಉಬ್ಬಿದ ಮೆತ್ತನೆ ಗಡ್ಡೆ ಕಾಣುತ್ತದೆ, ಮೂಗು ಪೂರ್ತಿ ಕಟ್ಟಿರುತ್ತದೆ. ಆ ರಕ್ತವನ್ನು ಅವತ್ತೇ ತೆಗೆಸಬೇಕು. ಬಿಟ್ಟರೆ ಕೆಲವೇ ದಿನದಲ್ಲಿ ನಡುಗೋಡೆಯ ಮೃದ್ವಸ್ಥಿ ಸತ್ತು ಮೂಗು ನಡುವೆ ಕುಸಿಯುತ್ತದೆ. ಆಟದಲ್ಲಿ ಮೂಗಿಗೆ ಪೆಟ್ಟು ಮಾಡಿಕೊಂಡು ಬಂದ ಮಕ್ಕಳಲ್ಲಿ ಇದನ್ನು ನೋಡಲೇಬೇಕು. 'ಮೂಗಿನ ನೆತ್ತರು ನಿಂತಿತಲ್ಲ, ಸಾಕು' ಅಂತ ಮನೆಯವರು ಬಿಟ್ಟುಬಿಡುತ್ತಾರೆ.

ಕೆಳದವಡೆಯ ಬಗ್ಗೆ ಹೇಳಲು ಜಾಸ್ತಿ ಇದೆ. ಗಾಜಿನ ಬಳೆ ಒಂದೇ ಕಡೆ ಒಡೆಯುವುದು ಅಪರೂಪ, ಅಲ್ವಾ? ದವಡೆಯೂ ಬಹಳ ಸಲ ಹಾಗೆ. ಒಂದು ಕಡೆ ಮುರಿದದ್ದು ಕಂಡರೆ ಇನ್ನೊಂದು ಕಡೆ ಎಲ್ಲಿ ಮುರಿದಿದೆ ಎಂದು ಹುಡುಕುತ್ತೇವೆ. ಗದ್ದದ ಪಕ್ಕ, ಹಲ್ಲಿನ ಸಾಲಿನ ಹಿಂದಿನ ಮೂಲೆ, ಕಿವಿಯ ಮುಂದಿನ ಕೀಲಿನ ಕುತ್ತಿಗೆ, ಇವು ಹೆಚ್ಚಾಗಿ ಮುರಿಯುವ ಜಾಗಗಳು. ಕೀಲಿನ ಕುತ್ತಿಗೆ ತೆಳುವಾಗಿರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಗದ್ದಕ್ಕೆ ಜೋರು ಪೆಟ್ಟು ಬಿದ್ದಾಗ ಅದು ಮುರಿದುಕೊಳ್ಳುತ್ತದೆ. ಇಲ್ಲದಿದ್ದರೆ ಆ ಬಲ ನೇರ ತಲೆಬುರುಡೆಯ ತಳಕ್ಕೆ ಹೋಗುತ್ತಿತ್ತು.

ದವಡೆ ಮುರಿದಿದೆಯಾ ಎಂದು ತಿಳಿಯಲು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಹಲ್ಲು ಕಚ್ಚಿ ನೋಡಿ, ಮೊದಲಿನ ಹಾಗೇ ಕೂಡುತ್ತವಾ?' ಹಲ್ಲಿನ ಸಾಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮನುಷ್ಯನಿಗೆ ಗೊತ್ತಾಗುತ್ತದೆ. ಯಂತ್ರಕ್ಕಿಂತ ಮೊದಲು ಅವನ ಬಾಯಿಯೇ ಹೇಳುತ್ತದೆ. 'ಇಲ್ಲ ಡಾಕ್ಟರೇ, ಏನೋ ಬೇರೆ ಆಗಿದೆ' ಅಂದರೆ ಎಕ್ಸ್‌ರೇ ಸರಿ ಇದ್ದರೂ ನಾನು ಮನೆಗೆ ಕಳಿಸುವುದಿಲ್ಲ. ಇನ್ನೊಂದು ಗುರುತು ನಾಲಿಗೆಯ ಕೆಳಗಿದೆ. ನಾಲಿಗೆ ಮೇಲೆತ್ತಿದಾಗ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ ದವಡೆ ಮುರಿದಿದೆ ಎಂದೇ ಹೆಚ್ಚು ಅನುಮಾನ. ಕೆಳದುಟಿ ಮತ್ತು ಗದ್ದ ಜೋಮಾದರೂ ಅಷ್ಟೇ, ಯಾಕೆಂದರೆ ಅವುಗಳ ನರ ಹೋಗುವುದು ದವಡೆಯ ಎಲುಬಿನ ಒಳಗಿನಿಂದ. ಹಲ್ಲುಗಳ ನಡುವೆ ಒಸಡು ಹರಿದು ಸಾಲು ಮೇಲೆ ಕೆಳಗೆ ಆಗಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಆಸ್ಪತ್ರೆಯಲ್ಲಿ ಒಂದು ಮರದ ಕಡ್ಡಿ ಕಚ್ಚಿಸಿ ತಿರುಚಿ ನೋಡುವುದುಂಟು. ನೋವಿಲ್ಲದೆ ಗಟ್ಟಿಯಾಗಿ ಕಚ್ಚಿ ಹಿಡಿದರೆ ದವಡೆ ಮುರಿದಿರುವುದು ಕಡಿಮೆ. ಮನೆಯಲ್ಲಿ ಮಾತ್ರ ಇದನ್ನು ಮಾಡಿ ನೋಡಬೇಡಿ.

ಮಕ್ಕಳ ದವಡೆಗೆ ಬೇರೆಯೇ ಎಚ್ಚರ ಬೇಕು. ಮಗು ಸೈಕಲ್‌ನಿಂದಲೋ ಕಟ್ಟೆಯಿಂದಲೋ ಬಿದ್ದು ಗದ್ದದ ಕೆಳಗೆ ಸೀಳಿಕೊಂಡು ಬರುತ್ತದೆ. ಹೊಲಿಗೆ ಹಾಕಿ ಕಳಿಸುತ್ತಾರೆ. ಆದರೆ ಆ ಪೆಟ್ಟು ಹೋಗಿ ನಿಲ್ಲುವುದು ಕಿವಿಯ ಮುಂದಿನ ಕೀಲಿನಲ್ಲಿ. ಬಾಯಿ ತೆರೆದಾಗ ಗದ್ದ ಒಂದು ಕಡೆ ಎಳೆಯುತ್ತದಾ, ಕಿವಿಯ ಮುಂದೆ ಮುಟ್ಟಿದರೆ ಅಳುತ್ತದಾ, ಕಿವಿಯಿಂದ ರಕ್ತ ಬಂದಿತ್ತಾ, ಹಿಂದಿನ ಹಲ್ಲು ಕೂಡಿದರೂ ಮುಂದಿನ ಹಲ್ಲು ಕೂಡುತ್ತಿಲ್ಲವಾ, ನೋಡಿ. ಕೀಲು ಮುರಿದದ್ದು ಗೊತ್ತಾಗದೆ ಉಳಿದರೆ ಮುಂದೆ ಅದು ಬೆಸೆದುಕೊಂಡು ಬಾಯಿ ತೆರೆಯದಂತೆ ಆಗಬಹುದು. ಆ ಕಡೆ ದವಡೆ ಬೆಳೆಯದೆ ಗದ್ದ ಸಣ್ಣದಾಗಿ ಸೊಟ್ಟ ಆಗಬಹುದು. ಮಕ್ಕಳಿಗೆ ಇದಕ್ಕೆ ಬಹಳ ಸಲ ಆಪರೇಷನ್ ಬೇಕಾಗುವುದೇ ಇಲ್ಲ. ಮೆತ್ತಗಿನ ಊಟ, ಬಾಯಿ ತೆರೆಯುವ ವ್ಯಾಯಾಮ, ಆಗಾಗ ತೋರಿಸುವುದು, ಇಷ್ಟೇ ಸಾಕಾಗುತ್ತದೆ. ಗೊತ್ತಿರಬೇಕು ಅಷ್ಟೇ.

ನಿಮ್ಮ ತಮ್ಮನದು ಕೆನ್ನೆಯ ಎಲುಬು ಎಂದೆನಲ್ಲ. ಈ ಎಲುಬು ಹಣೆ, ಮೇಲ್ದವಡೆ, ಕಿವಿಯ ಮುಂದಿನ ಕಮಾನು, ಕಣ್ಣಿನ ಗೂಡಿನ ಗೋಡೆ, ಈ ನಾಲ್ಕೂ ಕಡೆ ಜೋಡಣೆಯಾಗಿದೆ. ಪಕ್ಕದಿಂದ ಪೆಟ್ಟು ಬಿದ್ದಾಗ ಜೋಡಣೆಗಳು ಬಿಟ್ಟು ಇಡೀ ತುಂಡು ಒಳಗೆ, ಕೆಳಗೆ ಸರಿಯುತ್ತದೆ. ಅವನ ಒಂದೊಂದು ತೊಂದರೆಗೂ ಇದರಲ್ಲೇ ಕಾರಣ ಇದೆ. ಕಣ್ಣಿನ ಕೆಳಗೆ ಎಲುಬಿನ ಒಳಗಿಂದ ಒಂದು ನರ ಹೊರಬರುತ್ತದೆ. ಮೂಗಿನ ಪಕ್ಕ, ಮೇಲ್ದುಟಿ, ಮೇಲಿನ ಹಲ್ಲು, ಕೆಳರೆಪ್ಪೆಯ ಸ್ಪರ್ಶ ಅದರದ್ದು. ಬಿರುಕು ಹೆಚ್ಚಾಗಿ ಆ ರಂಧ್ರದ ಮೂಲಕವೇ ಹೋಗುತ್ತದೆ, ಅದಕ್ಕೇ ಜೋಮು. ಕೆನ್ನೆಯ ಕಮಾನಿನ ಅಡಿಯಲ್ಲಿ ಕೆಳದವಡೆಯ ಒಂದು ಚೂಪು ತುದಿ ಹಿಂದೆ ಮುಂದೆ ಓಡಾಡುತ್ತದೆ. ಕಮಾನು ಕುಸಿದರೆ ಆ ತುದಿಗೆ ಅಡ್ಡ ಬರುತ್ತದೆ, ಬಾಯಿ ತೆರೆಯುವುದು ಅರ್ಧಕ್ಕೆ ನಿಲ್ಲುತ್ತದೆ. ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟಷ್ಟು ಬಾಯಿ ತೆರೆಯಬೇಕು, ಅದು ಅಳತೆ. ಒಂದು ಮಾತು ಇಲ್ಲಿ ಕೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ತಮ್ಮ ಗುಟ್ಕಾ ತಿನ್ನುತ್ತಾನಾ? ಗುಟ್ಕಾ, ಅಡಿಕೆಯಿಂದಲೂ ಬಾಯಿ ತೆರೆಯುವುದು ನಿಧಾನಕ್ಕೆ ಕಡಿಮೆಯಾಗುತ್ತದೆ. ಅಪಘಾತಕ್ಕೆ ಮೊದಲು ಎಷ್ಟು ತೆರೆಯುತ್ತಿತ್ತು ಎಂದು ಡಾಕ್ಟರಿಗೆ ನಿಜ ಹೇಳಲಿ.

ಚಪ್ಪಟೆತನ ಮೊದಲ ದಿನ ಕಾಣದಿರುವುದೂ ಸಹಜ. ಬಾವು ಬಂದು ಕೆನ್ನೆ ಉಬ್ಬಿರುತ್ತದೆ, ಐದಾರು ದಿನ ಕಳೆದ ಮೇಲೆ ಒಳಗಿನ ತಗ್ಗು ತೋರುತ್ತದೆ. ಕನ್ನಡಿ ಮುಂದೆ ನಿಂತು ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ. ನೀವು ಹಿಂದೆ ನಿಂತು, ಅವನ ಹಣೆಯ ಮೇಲಿನಿಂದ ಕೆಳಗೆ ಎರಡೂ ಕೆನ್ನೆ ಹೋಲಿಸಿ ನೋಡಿ. ಒಂದು ಕಡೆ ತಗ್ಗಿದ್ದರೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಇದೆಯಾ? ಇದ್ದರೆ ಅದರ ಹಿಂದಿನ ಅಂಚು ಕಾಣುತ್ತದಾ? ಅಂಚೇ ಕಾಣದಂತೆ ಕೆಂಪು ಹಿಂದಕ್ಕೆ ಹೋಗಿದ್ದರೆ ರಕ್ತ ಕಣ್ಣಿನ ಗೂಡಿನೊಳಗಿಂದ ಬಂದಿರಬಹುದು.

ಎರಡೆರಡು ಕಾಣುವುದು ಕಣ್ಣಿನ ಗೂಡಿನ ಲಕ್ಷಣ. ಗೂಡಿನ ತಳ ತೆಳು ಎಂದೆ. ಅದು ಒಡೆದರೆ ಕಣ್ಣಿನ ಸುತ್ತಲಿನ ಕೊಬ್ಬು, ಕೆಲವೊಮ್ಮೆ ಕಣ್ಣು ತಿರುಗಿಸುವ ಸ್ನಾಯು, ಕೆಳಗೆ ಕೆನ್ನೆಯೊಳಗಿನ ಗಾಳಿಗೂಡಿಗೆ (ಸೈನಸ್) ಇಳಿಯುತ್ತದೆ. ಸ್ನಾಯು ಸಿಕ್ಕಿಕೊಂಡರೆ ಆ ಕಣ್ಣು ಮೇಲೆ ಏಳುವುದಿಲ್ಲ. ಕೊಬ್ಬು ಜಾಸ್ತಿ ಇಳಿದರೆ ಕೆಲವು ವಾರದಲ್ಲಿ ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ಬರೀ ಬಾವಿನಿಂದಲೂ ಎರಡೆರಡು ಕಾಣುವುದುಂಟು, ಅದು ತಾನೇ ಹೋಗುತ್ತದೆ. ಯಾವುದು ಎಂದು ಕಣ್ಣಿನ ಡಾಕ್ಟರ್ ಹೇಳಬೇಕು. ಅಲ್ಲಿಯವರೆಗೆ ನಿಮ್ಮ ತಮ್ಮ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬಾರದು. ಗಾಳಿ ಬಿರುಕಿನ ಮೂಲಕ ಕಣ್ಣಿನ ಸುತ್ತ ನುಗ್ಗಿ ರೆಪ್ಪೆ ದಿಢೀರ್ ಉಬ್ಬುತ್ತದೆ, ಒತ್ತಿದರೆ ಚರಚರ ಅನ್ನುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಲಿ. ಬೈಕ್ ಓಡಿಸುವುದಂತೂ ಸದ್ಯಕ್ಕೆ ಬೇಡವೇ ಬೇಡ.

ಮಕ್ಕಳಲ್ಲಿ ಕಣ್ಣಿನ ಗೂಡು ದೊಡ್ಡವರನ್ನೂ ಮೋಸ ಮಾಡುತ್ತದೆ. ಅವರ ಎಲುಬು ಬಾಗುವಂಥದ್ದು. ಬಿರುಕು ಬಿಟ್ಟು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ, ಸ್ನಾಯು ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗೆ ಕಣ್ಣು ಬಿಳಿಯಾಗಿಯೇ ಇರುತ್ತದೆ, ಕಪ್ಪೂ ಕಟ್ಟಿರುವುದಿಲ್ಲ. ಮಗು ಮಾತ್ರ ವಾಂತಿ ಮಾಡುತ್ತದೆ, ಮಂಕಾಗುತ್ತದೆ, ನಾಡಿ ನಿಧಾನವಾಗುತ್ತದೆ. ಎಲ್ಲರೂ ತಲೆಗೆ ಪೆಟ್ಟಾಗಿದೆ ಅಂದುಕೊಳ್ಳುತ್ತಾರೆ. ಮೇಲೆ ನೋಡು ಅಂದರೆ ಒಂದು ಕಣ್ಣು ಏಳುವುದಿಲ್ಲ, ನೋವಾಗುತ್ತದೆ. ಇದಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಇಲ್ಲದಿದ್ದರೆ ಸ್ನಾಯು ಶಾಶ್ವತವಾಗಿ ಕೆಡಬಹುದು.

ಮೇಲ್ದವಡೆ ಮತ್ತು ಮುಖದ ನಡುಭಾಗ ಮುರಿಯುವುದಕ್ಕೆ ಇಂದಿಗೂ ರೆನೆ ಲೆ ಫೋರ್ ಎಂಬ ಫ್ರೆಂಚ್ ಸರ್ಜನ್ನರ ಹೆಸರೇ ಇದೆ. ಅವರು ಶವಗಳ ತಲೆಗೆ ಬೇರೆ ಬೇರೆ ಕಡೆಯಿಂದ ಪೆಟ್ಟು ಕೊಟ್ಟು ಎಲುಬು ಯಾವ ಗೆರೆಯಲ್ಲಿ ಒಡೆಯುತ್ತದೆ ಎಂದು ನೋಡಿ 1901ರಲ್ಲಿ ಬರೆದರು. ಮೂರು ಗೆರೆ. ಒಂದನೆಯದರಲ್ಲಿ ಮೇಲಿನ ಹಲ್ಲಿನ ಸಾಲು ಅಂಗುಳಿನ ಸಮೇತ ಕಳಚುತ್ತದೆ. ಎರಡನೆಯದರಲ್ಲಿ ಮೂಗೂ ಸೇರಿ ತ್ರಿಕೋನದಂತೆ ಬಿಡುತ್ತದೆ. ಮೂರನೆಯದರಲ್ಲಿ ಇಡೀ ಮುಖವೇ ತಲೆಬುರುಡೆಯಿಂದ ಬೇರ್ಪಡುತ್ತದೆ. ಈಗಿನ ವೇಗದ ಅಪಘಾತಗಳಲ್ಲಿ ಈ ಮೂರು ಗೆರೆ ಇಷ್ಟು ಸ್ವಚ್ಛವಾಗಿ ಸಿಗುವುದು ಕಡಿಮೆ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು, ಕಲಸಿಹೋಗಿರುತ್ತದೆ. ಮುಖ ಉದ್ದವಾದಂತೆ ಕಾಣುವುದು, ಮೇಲಿನ ಹಲ್ಲು ಹಿಡಿದರೆ ಇಡೀ ಸಾಲು ಅಲ್ಲಾಡುವುದು, ಮುಂದಿನ ಹಲ್ಲು ಕೂಡದಿರುವುದು ಇದರ ಗುರುತು.

ಹೆದರಬೇಕಾದ ಲಕ್ಷಣಗಳು ಬೇರೆ ಇವೆ. ಮೂಗಿನಿಂದ ಅಥವಾ ಕಿವಿಯಿಂದ ನೀರಿನಂಥ ದ್ರವ ಸೋರಿ, ಗಂಟಲಿಗೆ ಉಪ್ಪುಪ್ಪಾಗಿ ಬಂದರೆ ಅದು ಮಿದುಳಿನ ಸುತ್ತಲಿನ ನೀರು ಇರಬಹುದು. ಮೂಗಿಗೆ ಹತ್ತಿ ತುರುಕಬೇಡಿ. ಕಿವಿಯ ಹಿಂದೆ ಕಪ್ಪು ಕಟ್ಟಿದರೆ ತಲೆಬುರುಡೆಯ ತಳ ಬಿರುಕು ಬಿಟ್ಟಿರಬಹುದು. ಪೆಟ್ಟಾದ ಕಣ್ಣು ಮುಂದೆ ಉಬ್ಬಿ, ಕಲ್ಲಿನಂತೆ ಗಟ್ಟಿಯಾಗಿ, ದೃಷ್ಟಿ ಮಂಜಾಗುತ್ತಾ ಹೋದರೆ ಕಣ್ಣಿನ ಹಿಂದೆ ರಕ್ತ ತುಂಬುತ್ತಿದೆ. ಆಗ ಲೆಕ್ಕ ಗಂಟೆಗಳಲ್ಲೂ ಅಲ್ಲ, ನಿಮಿಷಗಳಲ್ಲಿ. ದವಡೆ ಎರಡೂ ಕಡೆ ಮುರಿದವರನ್ನು ಅಂಗಾತ ಮಲಗಿಸಿದರೆ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟುತ್ತದೆ. ಎಚ್ಚರ ಇದ್ದರೆ ಕೂರಿಸಿ ಮುಂದೆ ಬಾಗಿಸಿ, ರಕ್ತ ಉಗುಳಲಿ. ಎಚ್ಚರ ತಪ್ಪಿದ್ದರೆ ಕುತ್ತಿಗೆ ತಿರುಚದಂತೆ ಇಡೀ ದೇಹವನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಮುಖಕ್ಕೆ ಜೋರು ಪೆಟ್ಟಾದವರ ಕುತ್ತಿಗೆಗೂ ಏಟಾಗಿದೆ ಎಂದೇ ಹಿಡಿಯಬೇಕು. 108ಕ್ಕೆ ಫೋನ್ ಮಾಡಿ, ಗಾಯಕ್ಕೆ ಸ್ವಚ್ಛ ಬಟ್ಟೆ ಒತ್ತಿ. ಅರಿಶಿನ, ಕಾಫಿಪುಡಿ, ಸುಣ್ಣ ಏನೂ ಬೇಡ. ಅವನ್ನು ತೊಳೆದು ತೆಗೆಯಲು ನಮಗೆ ಹೊಲಿಗೆಗಿಂತ ಜಾಸ್ತಿ ಹೊತ್ತು ಬೇಕಾಗುತ್ತದೆ.

ಹಲ್ಲು ಬುಡಸಮೇತ ಬಿದ್ದರೆ ಹುಡುಕಿ. ಬೇರು ಮುಟ್ಟದೆ ಮೇಲ್ಭಾಗ ಹಿಡಿದು, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ದಂತವೈದ್ಯರ ಹತ್ತಿರ ತಂದರೆ ಮತ್ತೆ ಕೂರಿಸಬಹುದು. ಮಕ್ಕಳ ಹಾಲುಹಲ್ಲಿಗೆ ಇದು ಬೇಡ.

ಕಾರಣಗಳ ಪಟ್ಟಿ ಉದ್ದ ಇದ್ದರೂ ನಮ್ಮ ಕಡೆ ಮೊದಲ ಜಾಗ ಬೈಕಿಗೇ. ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕ ಕಡೆಯ ರಸ್ತೆಗಳಲ್ಲಿ ಡಬಲ್ ಟ್ರ್ಯಾಲಿ ಟ್ರ್ಯಾಕ್ಟರುಗಳದ್ದೇ ಸಾಲು. ಹಿಂದೆ ಕೆಂಪು ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಮುಚ್ಚಿರುತ್ತದೆ. ಎದುರು ಬರುವ ಲಾರಿಯ ಬೆಳಕಿಗೆ ಕಣ್ಣು ಕತ್ತಲೆ ಬಂದಾಗ ನಿಂತ ಟ್ರ್ಯಾಲಿ ಕಾಣುವುದೇ ಇಲ್ಲ. ಬೈಕು ಅಡಿಗೆ ಹೋಗುತ್ತದೆ, ಸವಾರನ ಮುಖ ಸರಿಯಾಗಿ ಟ್ರ್ಯಾಲಿಯ ಅಂಚಿಗೆ ಬಡಿಯುತ್ತದೆ. ತಮ್ಮ ಹೆಲ್ಮೆಟ್ ಹಾಕಿದ್ದನಾ ಎಂದು ನೀವು ಬರೆದಿಲ್ಲ. ಹಾಕಿದ್ದರೂ ಅರ್ಧ ಹೆಲ್ಮೆಟ್ ಆಗಿದ್ದರೆ ಕೆನ್ನೆ, ದವಡೆಗೆ ಉಪಯೋಗವಿಲ್ಲ. ಪೊಲೀಸರ ದಂಡ ತಪ್ಪಿಸಲು ಕೊಂಡ ಟೊಪ್ಪಿಗೆ ಅದು. ಗದ್ದ ಮುಚ್ಚುವ, ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಬೆಲ್ಟ್ ಕಟ್ಟಿ ಹಾಕಿದರೆ ಮಾತ್ರ ಮುಖಕ್ಕೆ ರಕ್ಷಣೆ.

ಎತ್ತು, ಎಮ್ಮೆ ತಲೆ ಬೀಸಿದಾಗ ಕೊಂಬು ಅಥವಾ ಹಣೆ ಬಡಿದು ಕೆನ್ನೆ, ದವಡೆ ಮುರಿಯುತ್ತದೆ. ಕಾರ ಹುಣ್ಣಿಮೆಯಲ್ಲಿ ಕರಿ ಹರಿಯುವಾಗಲೂ ಈ ಅಪಾಯ ಇದ್ದದ್ದೇ. ಕೊಂಬಿನ ಗಾಯ ಹೊರಗೆ ಚಿಕ್ಕದಿದ್ದರೂ ಒಳಗೆ ಆಳವಾಗಿ, ಮಣ್ಣು ಸೇರಿ ಇರುತ್ತದೆ. ಟಿ.ಟಿ. ಇಂಜೆಕ್ಷನ್ ಬಿಡಬಾರದು. ಕಬಡ್ಡಿ, ಕುಸ್ತಿಯಲ್ಲಿ ಮೊಣಕೈ, ಮಂಡಿ, ತಲೆ ತಗುಲಿ ಮೂಗು, ಕೆನ್ನೆಯ ಕಮಾನು ಮುರಿಯುತ್ತವೆ. ಕ್ರಿಕೆಟ್ ಚೆಂಡು ಕಣ್ಣಿನ ಗೂಡಿನ ಮೇಲೇ ಬೀಳುತ್ತದೆ. ಮುಷ್ಟಿ ಪೆಟ್ಟು ಹೆಚ್ಚಾಗಿ ಎಡಗಡೆ ಮುಖಕ್ಕೆ, ಹೊಡೆಯುವವರಲ್ಲಿ ಬಲಗೈಯವರೇ ಜಾಸ್ತಿ ನೋಡಿ. 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದು ಹೇಳಿ ಬರುವ ಹೆಣ್ಣುಮಕ್ಕಳ ಮುಖದ ಪೆಟ್ಟು ಎಷ್ಟೋ ಸಲ ಬಚ್ಚಲಿನದಲ್ಲ ಎಂದು ನಮಗೆ ಗೊತ್ತಾಗುತ್ತದೆ. ಜಾರಿ ಬಿದ್ದವರು ಕೈ ಊರುತ್ತಾರೆ, ಕೈಗೂ ತರಚಿರುತ್ತದೆ. ಅವರನ್ನು ಮನೆಯವರಿಲ್ಲದೆ ಒಬ್ಬರನ್ನೇ ಮಾತಾಡಿಸುವುದು ಡಾಕ್ಟರರ ಕೆಲಸದ ಭಾಗವೇ.

ಈಗ ಎಲ್ಲಿಗೆ ಹೋಗಬೇಕು? ಮುಖದ ಎಲುಬು ಕೂರಿಸುವುದು ಮ್ಯಾಕ್ಸಿಲೋಫೇಶಿಯಲ್ ಸರ್ಜನ್‌ಗಳ ಕೆಲಸ. ಇದು ದಂತವೈದ್ಯಕೀಯದ ಒಂದು ಶಾಖೆ. ಅದಕ್ಕೇ ಜನ 'ಹಲ್ಲಿನ ಆಸ್ಪತ್ರೆಗೆ ಯಾಕೆ?' ಅಂತ ಕೇಳುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ಈ ವಿಭಾಗ ಇದೆ. ಪ್ಲಾಸ್ಟಿಕ್ ಸರ್ಜನ್, ಕಿವಿ ಮೂಗು ಗಂಟಲಿನ ಡಾಕ್ಟರ್ ಕೂಡ ಇಂಥ ಕೇಸು ನೋಡುತ್ತಾರೆ. ನಿಮಗೆ ಹತ್ತಿರ ಯಾವುದೋ ಅಲ್ಲಿಗೆ ಹೋಗಿ. ಕಣ್ಣಿನ ವಿಭಾಗವೂ ಇರುವ ಕಡೆ ಹೋದರೆ ಓಡಾಟ ಉಳಿಯುತ್ತದೆ.

ಎಲುಬು ಸರಿದಿಲ್ಲ, ಕಣ್ಣು ಸರಿ ಇದೆ ಎಂದಾದರೆ ಆಪರೇಷನ್ ಬೇಡ, ಮೆತ್ತಗಿನ ಊಟ ಮಾಡಿಕೊಂಡು ಕಾದರೆ ಸಾಕು. ಸರಿದಿದ್ದರೆ ಎತ್ತಿ ಕೂರಿಸಿ ಟೈಟಾನಿಯಂನ ಪುಟ್ಟ ಪ್ಲೇಟ್, ಸ್ಕ್ರೂ ಹಾಕುತ್ತಾರೆ. ಕೊಯ್ಯುವುದು ಹೆಚ್ಚಾಗಿ ಬಾಯಿಯ ಒಳಗೆ, ಹುಬ್ಬಿನ ಪಕ್ಕ, ಕೆಳರೆಪ್ಪೆಯಲ್ಲಿ. ಕಲೆ ಅಷ್ಟಾಗಿ ಕಾಣುವುದಿಲ್ಲ. ಕಮಾನು ಮಾತ್ರ ಕುಸಿದಿದ್ದರೆ ಕಣತಲೆಯ ಕೂದಲೊಳಗೆ ಸಣ್ಣದಾಗಿ ಕೊಯ್ದು, ಒಳಗಿಂದ ಮೀಟಿ ಎತ್ತುವುದೂ ಉಂಟು. ಸೋಂಕು ಆಗದಿದ್ದರೆ ಪ್ಲೇಟ್ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಜೋಮು ಮಾತ್ರ ಆಪರೇಷನ್ ಆದ ತಕ್ಷಣ ಹೋಗುವುದಿಲ್ಲ. ನರ ಚೇತರಿಸಿಕೊಳ್ಳಲು ವಾರಗಳಲ್ಲ, ತಿಂಗಳುಗಳೇ ಬೇಕು. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಇದನ್ನು ಮೊದಲೇ ತಿಳಿದುಕೊಂಡಿರಿ.

ದವಡೆ ಮುರಿದವರಿಗೆ ಮೇಲಿನ ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟುವ ಪದ್ಧತಿ ಇನ್ನೂ ಇದೆ, ನಾಲ್ಕರಿಂದ ಆರು ವಾರ. ಆಗ ಅಂಬಲಿ, ಗಂಜಿ, ಬೇಳೆಕಟ್ಟು, ಹಾಲು, ಮಜ್ಜಿಗೆ. ತಂತಿ ಕತ್ತರಿಸುವ ಕಟರ್ ಮನೆಯಲ್ಲಿ ಕೈಗೆ ಸಿಗುವಂತೆ ಇರಲಿ. ವಾಂತಿಯಾಗಿ ಉಸಿರು ಕಟ್ಟಿದರೆ ಅದು ಬೇಕು. ತಮ್ಮನಿಗೆ ತಂತಿ ಬೇಕಾಗುವುದು ಕಡಿಮೆ, ಆದರೆ ಪ್ಲೇಟ್ ಹಾಕಿದರೆ ಒಂದೆರಡು ತಿಂಗಳು ಕಟಕ ರೊಟ್ಟಿ, ಶೇಂಗಾ ಬೇಡ. ಆ ಕಡೆ ಒತ್ತಿ ಮಲಗಬಾರದು. ಬೀಡಿ, ಗುಟ್ಕಾ ಪೂರ್ತಿ ಬಂದ್. ಹೊಲಿಗೆ ಬಿಟ್ಟು ಪ್ಲೇಟಿಗೆ ಸೋಂಕು ಆಗುವುದರಲ್ಲಿ ಇವುಗಳ ಪಾಲು ದೊಡ್ಡದು.

ಖರ್ಚಿನ ವಿಷಯ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ, ಈ ಆಪರೇಷನ್ ಅದರಲ್ಲಿ ಬರುತ್ತದಾ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಕೇಳಿ. ರಸ್ತೆ ಅಪಘಾತಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ತಂದ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ, 1.5 ಲಕ್ಷ ರೂಪಾಯಿವರೆಗೆ. ಆದರೆ ಅದು ಅಪಘಾತದ ದಿನದಿಂದ 7 ದಿನಕ್ಕೆ ಮಾತ್ರ. ನಿಮಗೆ ಆ ಅವಧಿ ದಾಟಿದೆ.

ಪೊಲೀಸರ ವಿಷಯಕ್ಕೆ ಬಂದರೆ, ಚಿಕಿತ್ಸೆಗೆ ಅದರಿಂದ ಅಡ್ಡಿ ಇಲ್ಲ. ಆಸ್ಪತ್ರೆಯವರು ಇದನ್ನು ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಕೇಸು) ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ, ಗಾಬರಿ ಬೇಡ. ನೀವೂ ಹೋಗಿ ದೂರು ಕೊಡಿ, ತಡ ಯಾಕಾಯಿತು ಎಂದು ಇದ್ದದ್ದು ಇದ್ದಂತೆ ಬರೆಸಿ. ಎಲುಬು ಅಥವಾ ಹಲ್ಲು ಮುರಿದರೆ ಕಾನೂನಿನಲ್ಲಿ ಅದು ತೀವ್ರ ಗಾಯ. ಮೊದಲು ಐ.ಪಿ.ಸಿ. 320ರಲ್ಲಿ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 116ರಲ್ಲಿದೆ. ಮೊದಲ ದಿನದ ಗಾಯದ ಪ್ರಮಾಣಪತ್ರದಲ್ಲಿ ಬರೀ ಹುಬ್ಬಿನ ಗಾಯ ಎಂದು ಬರೆದಿದ್ದರೆ ಅದನ್ನು ಸಾಧಾರಣ ಗಾಯ ಎಂದೇ ಹಿಡಿಯುತ್ತಾರೆ. ಹೊಸ ಸಿ.ಟಿ.ಯಲ್ಲಿ ಮುರಿದದ್ದು ಕಂಡರೆ ಅದರ ವರದಿ ಇಟ್ಟು, ಪ್ರಮಾಣಪತ್ರದಲ್ಲಿ ಸೇರಿಸಲು ಡಾಕ್ಟರನ್ನು ಕೇಳಿ. ಪರಿಹಾರದ ಅರ್ಜಿ ಹಾಕುವುದಿದ್ದರೆ ಅಪಘಾತವಾದ 6 ತಿಂಗಳೊಳಗೆ ಹಾಕುವುದು ಕ್ಷೇಮ, ವಕೀಲರನ್ನು ಕೇಳಿ. ಸ್ಕ್ಯಾನ್ ಫಿಲಂ, ವರದಿ, ಬಿಲ್ಲುಗಳ ಮೂಲ ಪ್ರತಿ ಯಾರಿಗೂ ಕೊಡುವ ಮೊದಲು ಝೆರಾಕ್ಸ್ ತೆಗೆದಿಡಿ. ಈಗಲೇ, ಕಾಣುವ ತಗ್ಗಿನ ಸಮೇತ, ತಮ್ಮನ ಮುಖದ ಫೋಟೊ ಮುಂದಿನಿಂದ, ಎರಡೂ ಪಕ್ಕದಿಂದ, ಮೇಲಿನಿಂದ ತೆಗೆದುಕೊಂಡಿರಿ. ಸರ್ಜನ್‌ಗೆ ಅಪಘಾತಕ್ಕಿಂತ ಹಳೆಯ ಫೋಟೊ ಒಂದನ್ನೂ ತೋರಿಸಿ, ಮೊದಲು ಕೆನ್ನೆ ಹೇಗಿತ್ತು ಎಂದು ಅವರಿಗೆ ಗೊತ್ತಾಗಬೇಕಲ್ಲ.